ಶರಾವತಿ ಕಣಿವೆ ಅಭಯಾರಣ್ಯ

ಶರಾವತಿ ಕಣಿವೆ ಅಭಯಾರಣ್ಯವು ಕರ್ನಾಟಕದ ಪಶ್ಚಿಮಘಟ್ಟದಲ್ಲಿರುವ ವನ್ಯಜೀವಿಧಾಮ. 1972ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಸುಮಾರು 431 ಚದರ ಕಿಲೋಮೀಟರ್ ಪ್ರದೇಶವನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. 2019ರಲ್ಲಿ ಅಘನಾಶಿನಿ ಕಣಿವೆಯ ಕಾಡುಗಳನ್ನೂ ಸೇರಿಸಿ ಇದಕ್ಕೆ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಎಂದು ಹೆಸರಿಡಲಾಯಿತು.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಅಭಯಾರಣ್ಯದ ದೊಡ್ಡ ಭಾಗವನ್ನು ಆವರಿಸಿದೆ. ಊರುಗಳೂ ತೋಟಗಳೂ ಮುಳುಗಿ, ಗುಡ್ಡದ ನೆತ್ತಿಗಳು ನಡುಗಡ್ಡೆಗಳಾಗಿ ಉಳಿದಿವೆ.

ಪಶ್ಚಿಮಘಟ್ಟದ ಹೊರಗೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ನೆಲೆಸದ ಸಿಂಗಳೀಕವೇ ಇಲ್ಲಿನ ಮುಖ್ಯ ಪ್ರಾಣಿ. ಇದರದು ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲ. ಕಾಡುಹಣ್ಣು, ಕೀಟಗಳನ್ನು ತಿನ್ನುವ ಈ ಕೋತಿ ನೆಲಕ್ಕಿಳಿಯುವುದು ವಿರಳ. ಒಂದಕ್ಕೊಂದು ತಾಗಿಕೊಂಡ ಮರದ ತಲೆಗಳೇ ಅದರ ಹಾದಿ. ರಸ್ತೆಗೋ ವಿದ್ಯುತ್ ಮಾರ್ಗಕ್ಕೋ ಅಗಲವಾದ ಒಂದು ಪಟ್ಟಿ ಕಾಡನ್ನು ಕಡಿದರೂ ಗುಂಪುಗಳು ಬೇರ್ಪಡುತ್ತವೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಉದ್ದೇಶಿಸಲಾದ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಪರಿಸರವಾದಿಗಳು ವಿರೋಧ ವ್ಯಕ್ತಪಡಿಸಲು ಇದೂ ಒಂದು ಕಾರಣ.

ಹತ್ತಿರದ ರೈಲು ನಿಲ್ದಾಣ ತಾಳಗುಪ್ಪ. ಜೋಗ ಜಲಪಾತಕ್ಕೆ ಬರುವವರಲ್ಲಿ ಹೆಚ್ಚಿನವರು ಈ ಕಾಡಿನ ಅಂಚಿನಿಂದಲೇ ಹಿಂದಿರುಗುತ್ತಾರೆ. ಜೋಗ ತುಂಬಿ ಧುಮ್ಮಿಕ್ಕುವ ಮಳೆಗಾಲದಲ್ಲಿ ಕಾಡಿನೊಳಗೆ ಉಂಬಳಗಳ ಕಾಟ ವಿಪರೀತ. ನಡಿಗೆಗೆ ನವೆಂಬರ್ ನಂತರದ ತಿಂಗಳುಗಳು ಅನುಕೂಲಕರ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. ದಟ್ಟ ನಿತ್ಯಹರಿದ್ವರ್ಣ ಕಾಡಾದ್ದರಿಂದ ಬಂಡೀಪುರದಲ್ಲಿ ಕಾಣುವಂತೆ ಪ್ರಾಣಿಗಳ ಹಿಂಡು ಇಲ್ಲಿ ಸುಲಭವಾಗಿ ಕಣ್ಣಿಗೆ ಬೀಳದು. ರಸ್ತೆ ಬದಿಯಲ್ಲಿ ಸಿಂಗಳೀಕ ಕಂಡರೆ ತಿನಿಸು ಕೊಡಬಾರದು. ಅದರ ರುಚಿ ಹತ್ತಿದ ಪ್ರಾಣಿ ನೆಲಕ್ಕಿಳಿದು ವಾಹನಗಳಿಗೆ ಸಿಲುಕುತ್ತದೆ.