ಒಂಬತ್ತು ಮಣಿಗಳ ಸರ

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತಿದ್ದರು ನಮ್ಮ ಅಜ್ಜಿ. ಮಗು ಅತ್ತರೂ ಅವರಿಗೆ ನೆಮ್ಮದಿಯಿಲ್ಲ. ಮಾಸು ಬಿದ್ದು ರಕ್ತ ನಿಂತಿತೆಂದು ಸೂಲಗಿತ್ತಿ ಹೇಳಬೇಕು. ಅವರ ಭಯಕ್ಕೆ ಕಾರಣವಿತ್ತು. ಹೆತ್ತ ಮೇಲೆ ಗರ್ಭಕೋಶ ಬಿಗಿದುಕೊಳ್ಳದಿದ್ದರೆ ರಕ್ತ ಸುರಿಯುತ್ತಲೇ ಹೋಗುತ್ತದೆ.

ಪ್ರಾಣಿಗಳ ಮಿದುಳಿನ ಬುಡದಲ್ಲಿರುವ ಗ್ರಂಥಿಯ ಸಾರಕ್ಕೆ ಗರ್ಭಕೋಶವನ್ನು ಬಿಗಿಸುವ ಶಕ್ತಿಯಿದೆಯೆಂದು 1906ರಲ್ಲಿ ಲಂಡನ್ನಿನ ಹೆನ್ರಿ ಡೇಲ್ ಕಂಡುಕೊಂಡರು. ಬಹುಕಾಲ ಆ ಔಷಧಿ ಬಂದದ್ದು ಕಸಾಯಿಖಾನೆಯ ಗ್ರಂಥಿಗಳಿಂದಲೇ. 1953ರಲ್ಲಿ ನ್ಯೂಯಾರ್ಕಿನ ವಿನ್ಸೆಂಟ್ ಡು ವಿನ್ಯೋ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. 1955ರಲ್ಲಿ ನೊಬೆಲ್ ಬಂತು. ಆಕ್ಸಿಟೋಸಿನ್ ಎಂಬ ಈ ವಸ್ತು ಒಂದು ಪೆಪ್ಟೈಡ್. ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಪುಟ್ಟ ಸರ. ಇದರಲ್ಲಿರುವುದು ಒಂಬತ್ತೇ ಮಣಿ!

ಆದರೆ ಒಂದೊಂದು ಮಣಿ ಸೇರಿಸುವುದೂ ದೊಡ್ಡ ರಗಳೆಯಾಗಿತ್ತು. ದಾರದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಹೂ ಕಟ್ಟುವವರನ್ನು ನೀವು ನೋಡಿದ್ದೀರಲ್ಲ? ಅಮೆರಿಕದ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ತೋರಿಸಿದ್ದು ಹೆಚ್ಚುಕಡಿಮೆ ಅದೇ ಉಪಾಯ. ಸರದ ಒಂದು ತುದಿಯನ್ನು ರಾಳದ ಕಾಳಿಗೆ ಅಂಟಿಸಿ, ಮಣಿಗಳನ್ನು ಒಂದೊಂದಾಗಿ ಜೋಡಿಸುತ್ತ, ಉಳಿದದ್ದನ್ನು ಪ್ರತಿಸಲ ತೊಳೆದುಬಿಡುವುದು. ಇಂದಿನ ಎಷ್ಟೋ ಪೆಪ್ಟೈಡ್ ಔಷಧಿಗಳು ಹೀಗೇ ತಯಾರಾಗುತ್ತವೆ.

ಇಷ್ಟಾದರೂ ತೊಡಕೊಂದು ಉಳಿಯಿತು. ಆಕ್ಸಿಟೋಸಿನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು. ಕರೆಂಟು ಕೈಕೊಡುವ ಹಳ್ಳಿಯ ಆಸ್ಪತ್ರೆಯಲ್ಲಿ ಅದರ ಸತ್ವ ಕುಂದಬಹುದು. ನರ್ಸಮ್ಮ ಚುಚ್ಚಿದರೂ ರಕ್ತ ನಿಲ್ಲದಿರಬಹುದು.

ಅದರದೇ ಹತ್ತಿರದ ನೆಂಟ ಕಾರ್ಬೆಟೋಸಿನ್. ಔಷಧಿ ಹಳೆಯದೇ, ಶಾಖ ತಾಳುವಂತೆ ತಯಾರಿಸಿದ್ದು ಹೊಸದು. 30 ಡಿಗ್ರಿಯಲ್ಲೂ ಮೂರು ವರ್ಷ ಕೆಡುವುದಿಲ್ಲ. ಭಾರತವೂ ಸೇರಿ 10 ದೇಶಗಳ ಸುಮಾರು 30 ಸಾವಿರ ತಾಯಂದಿರಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು: ಅತಿಯಾದ ರಕ್ತಸ್ರಾವ ತಡೆಯುವುದರಲ್ಲಿ ಇದು ಆಕ್ಸಿಟೋಸಿನ್ನಿಗೆ ಕಡಿಮೆಯಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೂ ಸೇರಿತು.

ಅದೇ 2018ರಲ್ಲಿ ನಮ್ಮಲ್ಲಿ ನಡೆದದ್ದೇ ಬೇರೆ. ಹಾಲಿಗಾಗಿ ಎಮ್ಮೆಗಳಿಗೆ ಚುಚ್ಚುತ್ತಾರೆಂದು ಕೇಂದ್ರ ಸರ್ಕಾರ ಖಾಸಗಿಯವರು ಆಕ್ಸಿಟೋಸಿನ್ ತಯಾರಿಸುವುದನ್ನೇ ನಿಷೇಧಿಸಿ, ಬೆಂಗಳೂರಿನ ಒಂದೇ ಸರ್ಕಾರಿ ಕಾರ್ಖಾನೆಗೆ ಆ ಕೆಲಸ ವಹಿಸಲು ಹೊರಟಿತು. ಎಮ್ಮೆಯ ಮೇಲಿನ ಕರುಣೆ ಸರಿಯೇ, ಬಾಣಂತಿಯ ಗತಿ? ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು.

ಅಂದಹಾಗೆ, ಕಾರ್ಬೆಟೋಸಿನ್ ಇರುವುದು ಹೆರಿಗೆಯಾದ ಮೇಲಿನ ರಕ್ತಸ್ರಾವಕ್ಕೆ ಮಾತ್ರ. ನೋವು ಬರಿಸಲು ಆಕ್ಸಿಟೋಸಿನ್ನೇ ಬೇಕು, ಅದಕ್ಕೆ ಫ್ರಿಜ್ಜೂ ಬೇಕು.