ನಾಯಿಯ ಕಾಲು ಮತ್ತು ಕೀಲುಗಳ ಪರೀಕ್ಷೆ: ಗ್ರಂಥ, ಶಿಲೆ ಮತ್ತು ಮೂಳೆಗಳ ಸಾಕ್ಷ್ಯ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿಗೆ ಸೇರಿದ ಕರೂರಿನಲ್ಲಿ ರೈತರೊಬ್ಬರು ದಾರಿಯ ಬದಿಯಲ್ಲಿ ಬಿದ್ದಿದ್ದ ಎಳೆಯ ನಾಯಿಯೊಂದನ್ನು ಮನೆಗೆ ತಂದು ಸಾಕಿಕೊಂಡರು. ಆಗ ಅದಕ್ಕೆ ಸುಮಾರು ಐದು ತಿಂಗಳ ಪ್ರಾಯವಿದ್ದಿರಬಹುದು. ಅದರ ಎಡ ಮುಂಗಾಲು ಮಣಿಕಟ್ಟಿನ ಬಳಿ ಹೊರಕ್ಕೆ ತಿರುಗತೊಡಗಿದ್ದಿತು. ನೋಡಲು ಬಂದವರಲ್ಲಿ ಕೆಲವರು ಅದು ಹುಟ್ಟಿನಿಂದಲೇ ಬಂದ ದೋಷವೆಂದೂ, ಇಂಥ ನಾಯಿ ಕಾವಲಿಗಾಗಲಿ ಕುರಿಯ ಹಿಂಡಿಗಾಗಲಿ ಒದಗದೆಂದೂ ತೀರ್ಮಾನಿಸಿ, ಮರಳಿ ಬಿಟ್ಟುಬಿಡುವಂತೆ ಹೇಳಿದರು. ಹಿರಿಯರೊಬ್ಬರು ಮಾತ್ರ ಮುರಿದ ಕಾಲನ್ನು ನೋಡದೆ ನಾಲ್ಕು ಕಾಲುಗಳ ಉಗುರುಗಳನ್ನೂ ಒಂದೊಂದಾಗಿ ಎಣಿಸಿದರು. ಪ್ರಸ್ತುತ ಲೇಖಕನಿಗೆ ಈ ಎಣಿಕೆ ಮೊದಲು ವಿನೋದವಾಗಿ ಕಂಡಿತು. ವಿಚಾರಮಾಡಿ ನೋಡಿದಲ್ಲಿ, ಈ ಎಣಿಕೆಗೆ ಕಡಿಮೆಯೆಂದರೂ ಹದಿನಾಲ್ಕು ಶತಮಾನಗಳ ವಯಸ್ಸಾಗಿದೆಯೆಂಬುದು ತಿಳಿಯಿತು. ನಾಯಿಯ ಕಾಲನ್ನು ನಮ್ಮ ಹಿಂದಿನವರು ಯಾವ ದೃಷ್ಟಿಯಿಂದ ನೋಡಿದರು, ಆ ನೋಟದಿಂದ ನಮಗೆ ತಿಳಿಯುವುದೆಷ್ಟು, ತಿಳಿಯದಿರುವುದೆಷ್ಟು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ವರಾಹಮಿಹಿರನ ಬೃಹತ್ಸಂಹಿತೆ ಕ್ರಿ.ಶ. 6ನೆಯ ಶತಮಾನದ ಕೃತಿ. ಅದರಲ್ಲಿ ಗೋವು, ಕುದುರೆ, ಆನೆಗಳ ಲಕ್ಷಣಗಳೊಡನೆ ಶ್ವಾನಲಕ್ಷಣವೂ ಬಂದಿದೆ. ಆನೆ ಕುದುರೆಗಳಿಗೆ ದೊರೆತ ವಿಸ್ತಾರ ನಾಯಿಗೆ ದೊರೆತಿಲ್ಲ. ಗಂಡಿಗೊಂದು ಹೆಣ್ಣಿಗೊಂದು ಪದ್ಯದಲ್ಲಿ ವಿಷಯ ಮುಗಿದುಹೋಗಿದೆ. ಯಾವ ಗಂಡುನಾಯಿಯ ಮೂರು ಪಾದಗಳಲ್ಲಿ ಐದೈದು ಉಗುರುಗಳೂ ಬಲ ಮುಂಗಾಲಿನಲ್ಲಿ ಆರು ಉಗುರುಗಳೂ ಇರುವುವೋ, ಯಾವುದರ ತುಟಿ ಮೂಗುಗಳು ತಾಮ್ರವರ್ಣವಾಗಿದ್ದು ನಡಿಗೆ ಸಿಂಹದಂತಿರುವುದೋ, ಯಾವುದು ನೆಲವನ್ನು ಮೂಸುತ್ತ ಸಾಗುವುದೋ, ಅದು ಸಾಕಿದವನ ಮನೆಗೆ ಸಂಪತ್ತನ್ನು ತರುವುದೆಂದು ಅಲ್ಲಿಯ ಅಭಿಪ್ರಾಯ. ಹೆಣ್ಣಿನಲ್ಲಿ ಆರು ಉಗುರುಗಳು ಎಡ ಮುಂಗಾಲಿನಲ್ಲಿರಬೇಕು.

ಈ ಲೆಕ್ಕವನ್ನು ಅಂಗರಚನೆಯೊಡನೆ ಹೋಲಿಸಬೇಕು. ಸಾಮಾನ್ಯವಾಗಿ ನಾಯಿಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕುನಾಲ್ಕು, ಒಟ್ಟು 18 ಉಗುರುಗಳಿರುತ್ತವೆ. ವರಾಹಮಿಹಿರನ ನಾಯಿಗೆ 21. ಹಿಂಗಾಲಿನ ಐದನೆಯ ಉಗುರು ನೆಲಕ್ಕೆ ತಾಗದ ಪಕ್ಕದ ಉಗುರು. ಕೆಲವು ನಾಯಿಗಳಲ್ಲಿ ಅದು ಮೂಳೆಯ ಆಧಾರವೂ ಇಲ್ಲದೆ ಬರಿಯ ಚರ್ಮದಿಂದ ಜೋತುಬಿದ್ದಿರುತ್ತದೆ. ಇದು ವಂಶಾನುಗತವಾಗಿ ಬರುವ ವಿಶೇಷವೆಂಬುದು ನಿಜ. ಆದರೆ ಕಾಲಿನ ಬಲಕ್ಕೂ ಕೀಲಿನ ದೃಢತೆಗೂ ಇದರಿಂದ ಆಗುವುದೇನೂ ಇಲ್ಲ. ಅಪರೂಪವಾದುದು ಶುಭವೆಂಬ ಭಾವನೆಯಿಂದ ಈ ಎಣಿಕೆ ಹುಟ್ಟಿದಂತೆ ತೋರುತ್ತದೆ. ಆ ಪದ್ಯದಲ್ಲಿ ಕಾಲಿನ ಕೆಲಸವನ್ನು ಕುರಿತ ಮಾತು ಒಂದೇ ಒಂದು, ಸಿಂಹದ ನಡಿಗೆ. ನಾಯಿಯನ್ನು ನಿಲ್ಲಿಸಿ ನೋಡಿದುದಕ್ಕಿಂತ ನಡೆಸಿ ನೋಡಿದಾಗ ಹೆಚ್ಚು ತಿಳಿಯುವುದೆಂದು ಇಂದಿನ ಪಶುವೈದ್ಯರೂ ಒಪ್ಪುತ್ತಾರೆ. ಉಗುರಿನ ಲೆಕ್ಕ ಜನರ ನೆನಪಿನಲ್ಲಿ ಉಳಿದು ನಡಿಗೆಯ ಮಾತು ಮರೆತುಹೋದುದು ದುರ್ದೈವ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ (1129) ನಾಯಿ ರಾಜನ ವಿನೋದಗಳ ಸಾಲಿನಲ್ಲಿ ಸೇರಿದೆ. ಆ ಕಾಲದಲ್ಲಿ ಬಳ್ಳಾರಿಯ ಸೀಮೆ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದು, ಕುರುಗೋಡಿನ ಸಿಂದರು ಅವರ ಸಾಮಂತರಾಗಿದ್ದರು. ಬೃಹತ್ಸಂಹಿತೆಯಲ್ಲಿ ನಾಯಿ ಮನೆಯ ಭಾಗ್ಯದ ಸೂಚನೆ. ಮಾನಸೋಲ್ಲಾಸದಲ್ಲಿ ಅದು ಬೇಟೆಯ ಸಾಧನ. ದೃಷ್ಟಿ ಬದಲಾಯಿತು, ಅಷ್ಟೆ. ಕುಂಟುವ ನಾಯಿ ಏಕೆ ಕುಂಟುತ್ತದೆಂಬ ಪ್ರಶ್ನೆ ಎರಡೂ ಕಡೆ ಮುಖ್ಯವಲ್ಲ.

ಶಿಲ್ಪದ ಸಾಕ್ಷ್ಯಕ್ಕೆ ಬಂದರೆ ಆತಕೂರಿನ ಕಲ್ಲು ತಾನಾಗಿಯೇ ನೆನಪಿಗೆ ಬರುತ್ತದೆ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಾಸನದ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನು ಬಹುಮಾನವಾಗಿ ಬೇಡಿ ಪಡೆದುದು ಊರನ್ನಲ್ಲ, ಕಾಳಿಯೆಂಬ ನಾಯಿಯನ್ನು. ಕೆಲಲೆನಾಡಿನ ಬೆಳತೂರಿನ ಬೆಟ್ಟದ ಬಳಿ ಅದನ್ನು ಮಹಾವರಾಹವೊಂದರ ಮೇಲೆ ಬಿಡಲಾಗಿ, ನಾಯಿಯೂ ಹಂದಿಯೂ ಹೋರಾಡಿ ಸತ್ತುವು. ಅದಕ್ಕಾಗಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಟ್ಟು ಎರಡು ಖಂಡುಗ ಭೂಮಿಯನ್ನು ಬಿಡಲಾಯಿತು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ನಾಯಿಗೈದ ಪಾಪ ತಟ್ಟುವುದೆಂದು ಕಟ್ಟಳೆಯನ್ನೂ ಮಾಡಲಾಯಿತು.

ಕಾಳಿಯ ಕೆಚ್ಚು ಶಾಸನದಿಂದ ತಿಳಿಯುತ್ತದೆ. ಕಾಳಿಯ ಕಾಲು ತಿಳಿಯುವುದಿಲ್ಲ. ಅದರ ಎತ್ತರ, ಎದೆಯ ಆಳ, ತೊಡೆಯ ಕಟ್ಟು ಯಾವುದನ್ನೂ ಶಾಸನಕಾರನು ಹೇಳಿಲ್ಲ. ಹೀಗಿದ್ದರೂ ಇಂದಿನ ಮುಧೋಳ ನಾಯಿಯ ವಂಶವನ್ನು ಈ ಕಲ್ಲಿಗೂ ಇತರ ವೀರಗಲ್ಲುಗಳ ನಾಯಿಗಳಿಗೂ ನೇರವಾಗಿ ಗಂಟುಹಾಕುವ ಉತ್ಸಾಹ ಅಲ್ಲಲ್ಲಿ ಕಂಡುಬರುತ್ತದೆ. ಉದ್ದನೆಯ ಕಾಲು, ಸಣ್ಣ ಸೊಂಟ ಕೆತ್ತಿರುವುದೇ ಇದಕ್ಕೆ ಆಧಾರವಂತೆ! ಶಿಲ್ಪಿಗೆ ಕಲ್ಲಿನ ಪಟ್ಟಿಯಲ್ಲಿ ದೊರೆತ ಜಾಗ ಎಷ್ಟೋ ಅಷ್ಟೇ ನಾಯಿಯ ಕಾಲಿನ ಉದ್ದ. ಮುಧೋಳ ನಾಯಿಯ ವಿಷಯದಲ್ಲಿ ದೃಢವಾಗಿ ಹೇಳಬಹುದಾದುದು ಬಹು ಈಚಿನದು. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರ ಪೋಷಣೆಯಿಂದ ಅದು ಪ್ರಸಿದ್ಧಿಗೆ ಬಂದಿತು. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಇಂದು ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಆ ತಳಿಯ ಸಂಶೋಧನ ಕೇಂದ್ರವಿದೆ. ಈ ಗೌರವ ಉಳಿಯಲು ಹತ್ತನೆಯ ಶತಮಾನದ ಕಲ್ಲು ಬೇಕಾಗಿಲ್ಲ.

ಗ್ರಂಥ ಶಿಲ್ಪಗಳಿಗಿಂತ ಮೂಳೆ ಹೆಚ್ಚು ಪ್ರಾಮಾಣಿಕವಾದ ಸಾಕ್ಷಿ. ಕರೂರಿರುವ ತಾಲ್ಲೂಕಿನಲ್ಲಿಯೇ ತೆಕ್ಕಲಕೋಟೆಯಿದೆ. ಅಲ್ಲಿಯ ಕಣಶಿಲೆಯ ಗುಡ್ಡಗಳ ಮೇಲೆ ನವಶಿಲಾಯುಗದ ಜನ ವಾಸಿಸಿದ್ದ ನೆಲೆಯನ್ನು ಎಂ.ಎಸ್. ನಾಗರಾಜರಾಯರು 1963-64ರಲ್ಲಿ ಉತ್ಖನನ ಮಾಡಿದರು. ತೆಕ್ಕಲಕೋಟೆ, ಹಳ್ಳೂರು ಮುಂತಾದ ನೆಲೆಗಳ ಪ್ರಾಣಿಮೂಳೆಗಳನ್ನು ಪರೀಕ್ಷಿಸಿದ ಕೆ.ಆರ್. ಆಲೂರರು ಪಶುವೈದ್ಯರಾಗಿದ್ದುದು ಗಮನಾರ್ಹ. ಜೀವಂತ ಪ್ರಾಣಿಯ ಕೀಲನ್ನು ಕೈಯಿಂದ ಮುಟ್ಟಿ ಬಲ್ಲವರಿಗೆ ಸತ್ತ ಮೂಳೆಯ ಅಂಚು ಸವೆದಿರುವುದರ ಅರ್ಥ ಬೇಗ ಹೊಳೆಯುತ್ತದೆ. ನಮ್ಮ ಇತಿಹಾಸ ವಿಭಾಗಗಳಲ್ಲಿ ಇಂಥವರ ಸಹಾಯವನ್ನು ಇನ್ನೂ ಸಾಕಷ್ಟು ಪಡೆದಿಲ್ಲವೆಂದೇ ಹೇಳಬೇಕು.

ಮೂಳೆಯಿಂದ ನಾಯಿಯ ಎತ್ತರವನ್ನು ಅಂದಾಜುಮಾಡುವ ಸೂತ್ರಗಳನ್ನು ಹಾರ್ಕೋರ್ಟ್ ಎಂಬ ವಿದ್ವಾಂಸರು 1974ರಲ್ಲಿ ಪ್ರಕಟಿಸಿದರು. ಮುಂಗಾಲಿನ ಕೆಳಭಾಗದ ಎರಡು ಮೂಳೆಗಳಲ್ಲಿ ರೇಡಿಯಸ್ ಎಂಬುದರ ಉದ್ದವನ್ನು ಮಿಲಿಮೀಟರಿನಲ್ಲಿ ಅಳೆದು 3.18ರಿಂದ ಗುಣಿಸಿ 19.51ನ್ನು ಕೂಡಿಸಿದರೆ ಭುಜದ ಎತ್ತರ ಬರುತ್ತದೆ. ಮೂಳೆ 180 ಮಿ.ಮೀ. ಇದ್ದಲ್ಲಿ ನಾಯಿ ಸುಮಾರು 59 ಸೆಂ.ಮೀ. ಎತ್ತರವಿದ್ದಿತೆಂದು ಅರ್ಥ. ಆದರೆ ಈ ಸೂತ್ರ ನೆಟ್ಟಗಿನ ಕಾಲಿಗೆ ಮಾತ್ರ ಸಲ್ಲುತ್ತದೆ. ಬೆಳೆಯುವಾಗ ಪೆಟ್ಟುಬಿದ್ದು ಬಾಗಿದ ಮೂಳೆಯೊಂದನ್ನೇ ಹಿಡಿದು ಲೆಕ್ಕಹಾಕಿದರೆ ಎತ್ತರದ ನಾಯಿ ಕುಳ್ಳ ತಳಿಯದಾಗಿ ಇತಿಹಾಸದ ಪುಟ ಸೇರುವ ಅಪಾಯವಿದೆ. ಕರೂರಿನ ನೆರೆಹೊರೆಯವರು ಮಾಡಿದ ತಪ್ಪೂ ಈ ಬಗೆಯದೇ: ಒಂದು ಕಾಲಿಗೆ ಒದಗಿದ ಆಪತ್ತನ್ನು ತಳಿಯ ಗುಣವೆಂದು ಎಣಿಸಿದುದು.

ಮೂಳೆ ಇನ್ನೊಂದು ಸಂಗತಿಯನ್ನೂ ತಿಳಿಸುತ್ತದೆ. ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಇವರೊಡನೆ ಹೂಳಿದ್ದ ನಾಯಿಯ ಅವಶೇಷಗಳು ದೊರೆತುವು. ಅವು ಸುಮಾರು 14,000 ವರ್ಷಗಳಷ್ಟು ಹಳೆಯವು. ಸತ್ತಾಗ ಆ ನಾಯಿಗೆ ಏಳು ತಿಂಗಳೂ ತುಂಬಿರಲಿಲ್ಲ. ಅದರ ಹಲ್ಲುಗಳಲ್ಲಿಯ ಕುರುಹುಗಳಿಂದ, ಅದಕ್ಕೆ ಡಿಸ್ಟೆಂಪರ್ ರೋಗ ಬಂದಿದ್ದಿತೆಂದೂ, ಮನುಷ್ಯರ ಆರೈಕೆಯಿಲ್ಲದೆ ಅಷ್ಟು ದಿನ ಬದುಕಿರಲಾರದೆಂದೂ 2018ರಲ್ಲಿ ಪ್ರಕಟವಾದ ಸಂಶೋಧನೆ ಅಭಿಪ್ರಾಯಪಟ್ಟಿತು. ಬೇಟೆಗಾಗಲಿ ಕಾವಲಿಗಾಗಲಿ ಒದಗದ ಮರಿಯನ್ನು ಯಾರೋ ಉಣಿಸಿ ನೋಡಿಕೊಂಡಿದ್ದರು.

ಡಿಸ್ಟೆಂಪರ್ ಇಂದಿಗೂ ನಮ್ಮ ಬೀದಿನಾಯಿಗಳನ್ನು ಕಾಡುವ ರೋಗ. ಬದುಕಿ ಉಳಿದ ನಾಯಿಯ ಹಿಂಗಾಲುಗಳು ನಿತ್ರಾಣವಾಗಿ ಅದುರುವುದುಂಟು. ನೋಡುವವರು ಅದನ್ನು ಸೊಂಟದ ಕೀಲಿನ ದೋಷವೆಂದು ತಿಳಿಯುತ್ತಾರೆ. ಆದರೆ ಅಲ್ಲಿ ಕೆಟ್ಟಿರುವುದು ಕೀಲಲ್ಲ, ನರ. ಉಣ್ಣಿಯಿಂದ ಬರುವ ಜ್ವರದಲ್ಲಿ ನಾಯಿ ಇಂದು ಒಂದು ಕಾಲನ್ನೂ ನಾಳೆ ಇನ್ನೊಂದನ್ನೂ ಎತ್ತಿ ನಡೆಯಬಹುದು. ಸುಣ್ಣದ ಅಂಶ ಸಾಲದ ಆಹಾರದಲ್ಲಿ ಬೆಳೆದ ಮರಿಗೆ ರಿಕೆಟ್ಸ್ ಬಂದರೆ ಎರಡು ಮುಂಗಾಲುಗಳೂ ಬಾಗಿ ಮಣಿಕಟ್ಟುಗಳು ಊದಿಕೊಳ್ಳುತ್ತವೆ. ನಿಜವಾದ ಸೊಂಟದ ಕೀಲಿನ ಸಡಿಲಿಕೆಯನ್ನಾದರೋ ಅಮೆರಿಕದ ಷ್ನೆಲ್ ಎಂಬವರು 1935ರಲ್ಲಿ ಮೊದಲು ವರ್ಣಿಸಿದರು. ಅದನ್ನು ಕೈಯಿಂದ ಕಂಡುಹಿಡಿಯುವ ವಿಧಾನ ಬಂದುದು ಇಟಲಿಯ ಮಕ್ಕಳ ವೈದ್ಯ ಓರ್ಟೊಲಾನಿಯಿಂದ. 1937ರಲ್ಲಿ ಆತ ಶಿಶುಗಳಿಗಾಗಿ ರೂಪಿಸಿದ ಪರೀಕ್ಷೆಯನ್ನು ಅನಂತರ ನಾಯಿಗಳಿಗೂ ಅಳವಡಿಸಿಕೊಂಡರು. ಈ ದೋಷಕ್ಕೆ ವಂಶವೂ ಕಾರಣ, ಎಳೆತನದಲ್ಲಿ ಅತಿಯಾಗಿ ಉಣಿಸಿ ಬೊಜ್ಜು ಬರಿಸುವುದೂ ಕಾರಣ. ಹೊರಗಿನ ಆಕಾರ ಎಷ್ಟೇ ಸುಂದರವಾಗಿದ್ದರೂ ಒಳಗಿನ ಕೀಲು ಕ್ಷಕಿರಣದ ಚಿತ್ರದಲ್ಲಲ್ಲದೆ ನಿಶ್ಚಯವಾಗಿ ತಿಳಿಯದು.

ಕರೂರಿನ ನಾಯಿಯಲ್ಲಿ ಬಾಗಿದುದು ಒಂದೇ ಕಾಲು. ಆದುದರಿಂದ ಆಹಾರದ ಕೊರತೆಯಾಗಲಿ ವಂಶದ ದೋಷವಾಗಲಿ ಮೊದಲನೆಯ ಊಹೆಯಾಗಬೇಕಾಗಿರಲಿಲ್ಲ. ಮುಂಗಾಲಿನ ಎರಡು ಮೂಳೆಗಳಲ್ಲಿ ಇನ್ನೊಂದಾದ ಅಲ್ನಾ ಬಹುಪಾಲು ತನ್ನ ಕೆಳತುದಿಯಲ್ಲಿ ಬೆಳೆಯುತ್ತದೆ. ಎಳೆಯ ವಯಸ್ಸಿನಲ್ಲಿ ಆ ತುದಿಗೆ ಪೆಟ್ಟಾದರೆ ಬೆಳವಣಿಗೆ ನಿಂತುಹೋಗುತ್ತದೆ. ಪಕ್ಕದ ರೇಡಿಯಸ್ ಮಾತ್ರ ಬೆಳೆಯುತ್ತ ಬಿಲ್ಲಿನಂತೆ ಬಾಗಿ ಪಾದವನ್ನು ಹೊರಕ್ಕೆ ತಿರುಗಿಸುತ್ತದೆ. ಬೆಳವಣಿಗೆ ಮುಗಿಯುವ ಮುನ್ನ ಕಂಡುಕೊಂಡರೆ ಅಲ್ನಾದ ಒಂದು ತುಣುಕನ್ನು ತೆಗೆದು ಬಾಗುವಿಕೆಯನ್ನು ತಡೆಯುವ ಶಸ್ತ್ರಚಿಕಿತ್ಸೆಯುಂಟು. ನಾಯಿಯನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಚರ್ಚೆಯಲ್ಲಿ ಆರು ತಿಂಗಳು ಕಳೆದುವು. ಪಶುವೈದ್ಯರು ಚಿತ್ರ ತೆಗೆಸಿ ನೋಡುವ ಹೊತ್ತಿಗೆ ಮೂಳೆಗಳ ತುದಿಗಳು ಕೂಡಿಕೊಂಡಿದ್ದುವು. ಮೊಳಕೈಯ ಕೀಲು ಇನ್ನೂ ಸ್ಥಾನದಲ್ಲಿದ್ದುದರಿಂದ, ಮೈಭಾರ ಹೆಚ್ಚದಂತೆ ಉಣಿಸಿ, ಎತ್ತರದಿಂದ ಜಿಗಿಯಗೊಡದೆ ಸಾಕುವಂತೆ ಅವರು ತಿಳಿಸಿದರು. ರೈತರು ನಾಯಿಯನ್ನು ಬಿಡಲಿಲ್ಲ. ಅದು ಈಗಲೂ ಆ ಮನೆಯ ಕಣದಲ್ಲಿ ಮಲಗುತ್ತದೆ. ಚಳಿಗಾಲದ ಬೆಳಗಿನಲ್ಲಿ ಎಡಗಾಲನ್ನು ಊರಲು ತುಸು ಹಿಂದೆಗೆದು, ಹತ್ತು ಹೆಜ್ಜೆ ನಡೆದ ಮೇಲೆ ಊರುತ್ತದೆ.