ಕೀಲಿನ ಗಡ್ಡೆಗೆ ಮಾತ್ರೆ ಹುಡುಕಿದ ಕಥೆ

ನಮ್ಮ ಗೆಜ್ಜಲಗೆರೆ ಕಡೆ ಮಂಡಿ ಊದ್ಕೊಂಡ್ರೆ "ವಾಯು ಕಣಪ್ಪ, ಎಣ್ಣೆ ಹಚ್ಚು" ಅಂತಾರೆ. ಬಹಳ ಅಪರೂಪಕ್ಕೆ ಅದು ಕೀಲಿನ ಒಳಪೊರೆಯಲ್ಲಿ ಬೆಳೆದ ಗಡ್ಡೆ ಆಗಿರುತ್ತೆ. ಕ್ಯಾನ್ಸರ್ ಅಲ್ಲ, ಆದ್ರೆ ಮಂಡಿ ಮಡಚೋಕೆ ಬಿಡಲ್ಲ. 1941ರಲ್ಲೇ ಅಮೆರಿಕದ ಜಾಫೆ ಮತ್ತು ಜೊತೆಗಾರರು ಇದಕ್ಕೆ ಹೆಸರಿಟ್ರು. ಆಮೇಲೆ ದಶಕಗಳ ಕಾಲ ಆಪರೇಷನ್ನೇ ಮುಖ್ಯ ದಾರಿ. ಕೀಲಿನ ತುಂಬ ಹರಡಿದ್ರೆ ತೆಗೆದ್ರೂ ಮತ್ತೆ ಬೆಳೆಯೋದು.

2006ರಲ್ಲಿ ಗುಟ್ಟು ಸಿಕ್ತು. ಗಡ್ಡೆಯ ಕೆಲವೇ ಜೀವಕೋಶಗಳು ಸಿಎಸ್ಎಫ್1 ಅನ್ನೋ ಪ್ರೋಟೀನನ್ನ ಅತಿಯಾಗಿ ತಯಾರಿಸಿ ಬೇರೆ ಜೀವಕೋಶಗಳನ್ನ ಕರೀತವೆ. ಬಹುಪಾಲು ಗಡ್ಡೆ ಹಂಗೆ ಬಂದ ನೆಂಟರೇ! ಆ ಕರೆ ತಡೆಯೋ ಮಾತ್ರೆ ಪೆಕ್ಸಿಡಾರ್ಟಿನಿಬ್.

ಪರೀಕ್ಷೆ ನೋಡಿ: 61 ಜನಕ್ಕೆ ಔಷಧ, 59 ಜನಕ್ಕೆ ಅದೇ ಥರ ಕಾಣೋ ಸುಮ್ನೆ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಡಾಕ್ಟರಿಗೂ ಗೊತ್ತಿಲ್ಲ. 25ನೇ ವಾರಕ್ಕೆ ಔಷಧ ತಗೊಂಡ 24 ಜನರ ಗಡ್ಡೆ ಚೆನ್ನಾಗಿ ಕುಗ್ಗಿತ್ತು. ಆ ಕಡೆ ಸೊನ್ನೆ. ಆದ್ರೆ 126 ಜನ ಸೇರಬೇಕಿದ್ದ ಪರೀಕ್ಷೆಗೆ, ಇಬ್ಬರ ಲಿವರ್‌ಗೆ ಪೆಟ್ಟಾಗಿದ್ದು ನೋಡಿ, ಹೊಸಬರನ್ನ ಸೇರಿಸೋದನ್ನ 120ಕ್ಕೇ ನಿಲ್ಲಿಸಿದ್ರು.

ಜೀವ ತೆಗೆಯದ ಕಾಯಿಲೆಗೆ ಲಿವರ್ ಪಣಕ್ಕಿಡಬೇಕಾ? 2019ರಲ್ಲಿ ಅಮೆರಿಕ ಬಿಗಿ ಷರತ್ತು ಹಾಕಿ ಒಪ್ಪಿತು, 2020ರಲ್ಲಿ ಯುರೋಪ್ ಬೇಡ ಅಂತು. ಬಿಕಾಂ ಭಾಷೇಲಿ ಹೇಳೋದಾದ್ರೆ, ಒಂದೇ ಲೆಕ್ಕಕ್ಕೆ ಇಬ್ಬರು ಆಡಿಟರ್, ಎರಡು ವರದಿ. ಆಪರೇಷನ್ನೂ ಆಗದವರನ್ನ ನೆನೆದ್ರೆ ನಂಗೆ ಅಮೆರಿಕದ್ದೇ ಸರಿ ಅನ್ಸುತ್ತೆ. ನಿಮಗೆ?

2025ರ ಫೆಬ್ರವರಿಯಲ್ಲಿ ವಿಮ್ಸೆಲ್ಟಿನಿಬ್ ಅನ್ನೋ ಇನ್ನೊಂದು ಮಾತ್ರೆಗೂ ಅಲ್ಲಿ ಒಪ್ಪಿಗೆ ಸಿಕ್ತು. ಅದರ ಪರೀಕ್ಷೆಯಲ್ಲಿ ಲಿವರ್‌ಗೆ ಆ ಥರದ ಪೆಟ್ಟು ಕಾಣಲಿಲ್ಲ.